ಹಗ್ಗ ಇಲ್ಲದ ಓಟ

ಕಂಬಳದ ಕರೆಯಲ್ಲಿ ಓಡುವವನಿಗೆ ಏನೂ ಕಾಣುವುದಿಲ್ಲ. ದಡದಲ್ಲಿ ನಿಂತವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ಅವರಿಗೆ ಎಲ್ಲ ಕಾಣುತ್ತದೆ. ಕರೆ ಎಂದರೆ ಉದ್ದಕ್ಕೆ ಕೆಸರುನೀರು ತುಂಬಿದ ಓಟದ ಗದ್ದೆ, ಅದರಲ್ಲಿ ಜೋಡಿ ಕೋಣ, ಕೋಣಗಳ ಹಿಂದೆ ಹಗ್ಗ ಹಿಡಿದ ಒಬ್ಬ ಮನುಷ್ಯ, ಎಲ್ಲರ ಮೇಲೆ ಎದ್ದು ನಿಂತ ನೀರು. ಆ ನೀರಿನ ಒಳಗಿರುವವನಿಗೆ ಮಾತ್ರ ಅದು ಬೇರೆಯೇ ಜಾಗ. ಕಣ್ಣು ಅರ್ಧ ಮುಚ್ಚಿರುತ್ತದೆ. ಜನರ ಬೊಬ್ಬೆ ಗುಡ್ಡದ ಆಚೆಯಿಂದ ಬಂದ ಹಾಗೆ ಕೇಳುತ್ತದೆ. ಕಾಲು ನೆಲಕ್ಕೆ ತಾಗಿತೋ ಇಲ್ಲವೋ ತಿಳಿಯುವುದಿಲ್ಲ. ತಿಳಿಯುವುದು ಒಂದೇ, ಎಡಗೈಯ ಹಗ್ಗ. ಅದು ಬಿಗಿಯಾಗಿದ್ದರೆ ನೀವು ಓಡುತ್ತಿದ್ದೀರಿ ಎಂದು ಅರ್ಥ.

ನಾನು ಎಷ್ಟೋ ಚಳಿಗಾಲ ಹಾಗೆ ಓಡಿದ್ದೇನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮನೆ ಶಿರ್ತಾಡಿಯ ಹತ್ತಿರ, ಕೆಲಸ ರಬ್ಬರ್ ಟ್ಯಾಪಿಂಗ್, ಮರದ ತೊಗಟೆ ಕೆತ್ತಿ ಹಾಲು ಇಳಿಸುವುದು. ನಾನು ಕತ್ತಿ ಹಾಕಿದ ಮರಗಳನ್ನು ಹೋಗಿ ನೋಡಿ, ತೊಗಟೆ ದಾಟಿ ಒಳಮರಕ್ಕೆ ತಾಗಿದ ಒಂದು ಗಾಯ ಸಿಕ್ಕಿದರೆ ಬಂದು ಹೇಳಿ. ಇದು ಜಂಬ ಅಲ್ಲ. ಜಂಬ ಅಂದುಕೊಂಡರೂ ತೊಂದರೆ ಇಲ್ಲ, ದುಡಿಯುವವನಿಗೆ ಅಷ್ಟಾದರೂ ಇರಬೇಕು.

ನಾನು ಓಡಿಸುತ್ತಿದ್ದ ಕೋಣಗಳು ಬೆಳ್ತಂಗಡಿ ಕಡೆಯ ಒಬ್ಬರು ಧಣಿಗಳವು. ಒಳ್ಳೆಯ ಜನ. ಕೋಣಗಳಿಗೆ ಹುರುಳಿ ಬೇಯಿಸಿದ ದಿನ ನನಗೂ ಕರೆದು ಊಟ ಹಾಕುತ್ತಿದ್ದರು. ಕರೆಯಲ್ಲಿ ಗೆದ್ದಾಗ ಮೈಕಿನಲ್ಲಿ ಮೊದಲು ಅವರ ಮನೆಯ ಹೆಸರು ಬರುತ್ತಿತ್ತು, ಆಮೇಲೆ ನನ್ನದು. ಅದು ಪದ್ಧತಿ, ನನಗೆ ಬೇಸರ ಇರಲಿಲ್ಲ.

ಬೇಸರ ಶುರುವಾದದ್ದು ಕಲ್ಲಡ್ಕದಲ್ಲಿ, ಒಂದು ಲೋಟ ಚಾದ ಎದುರು. ಅದರಾಚೆಯ ಒಂದು ಕಂಬಳದಲ್ಲಿ ಬರೀ ಹಗ್ಗ ಹಿಡಿದು ಓಡುವ ವಿಭಾಗದಲ್ಲಿ ಗೆದ್ದು, ಬೆಳಗ್ಗೆ ಲಾರಿಯಲ್ಲಿ ಕೋಣಗಳನ್ನು ಹೇರಿಕೊಂಡು ವಾಪಸು ಬರುತ್ತಿದ್ದೆವು. ಹೋಟೆಲಿನಲ್ಲಿ ಪಕ್ಕದ ಮೇಜಿನ ಹುಡುಗರು ನನ್ನ ಗುರುತು ಹಿಡಿದರು. ಆಗ ಎಲ್ಲ ಕಡೆ ಅದೇ ಮಾತು. ಕಂಬಳದ ಟೈಮನ್ನು ನೂರು ಮೀಟರಿಗೆ ಇಳಿಸಿ ಲೆಕ್ಕ ಹಾಕುವುದು, ಜಗತ್ತಿನ ದಾಖಲೆಯ ಪಕ್ಕ ಇಟ್ಟು ನೋಡುವುದು. ಆ ಹುಡುಗರೂ ಮೊಬೈಲಿನಲ್ಲಿ ಲೆಕ್ಕ ಹಾಕಿ, ನಾನು ಒಲಿಂಪಿಕ್ಸಿಗೆ ಹೋಗಬೇಕಿತ್ತು ಎಂದರು. ನನಗೆ ಮೈ ಜುಮ್ಮೆಂದಿತು. ಧಣಿಗಳು ಚಾದ ಲೋಟವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಕಲ್ಲಡ್ಕದ ಚಾ ಗೊತ್ತಲ್ಲ, ಕೆಳಗೆ ಹಾಲು, ಮೇಲೆ ಡಿಕಾಕ್ಷನ್, ಎರಡೂ ಬೇರೆ ಬೇರೆ ನಿಂತಿರುತ್ತವೆ.

"ಇವ ಒಳ್ಳೆಯ ಓಟಗಾರನೇ," ಎಂದರು ಧಣಿಗಳು. "ಆದ್ರೆ ಕೋಣ ಎಳೀತದೆ, ಇವ ಹೋಗ್ತಾನೆ. ಹಗ್ಗ ಬಿಟ್ಟು ಓಡಿದ್ರೆ ಗೊತ್ತಾಗ್ತದೆ ಎಷ್ಟು ಅಂತ."

ತಮಾಷೆಗೇ ಹೇಳಿದ್ದು. ಹುಡುಗರು ನಕ್ಕರು, ನಾನೂ ನಕ್ಕೆ. ಆಮೇಲೆ ಚಮಚದಿಂದ ಚಾ ತಿರುಗಿಸಿದೆ. ತಿರುಗಿಸಿದ ಮೇಲೆ ಹಾಲು ಯಾವುದು, ಡಿಕಾಕ್ಷನ್ ಯಾವುದು ಎಂದು ಯಾರು ಹೇಳುತ್ತಾರೆ. ಆ ಲೋಟವನ್ನು ನೋಡುತ್ತ ನನಗೆ ಒಂದು ಯೋಚನೆ ಹತ್ತಿತು. ಇಷ್ಟು ವರ್ಷದ ಓಟದಲ್ಲಿ ನನ್ನ ಕಾಲಿನದ್ದು ಎಷ್ಟು, ಕೋಣದ್ದು ಎಷ್ಟು. ಆ ಯೋಚನೆ ಮತ್ತೆ ಬಿಡಲಿಲ್ಲ.

ವಯಸ್ಸು ಏರಿತು, ಕರೆಗೆ ಇಳಿಯುವುದು ನಿಂತಿತು. ನನ್ನ ಜಾಗಕ್ಕೆ ಬೇರೊಬ್ಬ ಬಂದ. ಕನಸಿನಲ್ಲಿ ಮಾತ್ರ ನಾನು ಓಡುತ್ತಲೇ ಇದ್ದೆ. ಯಾವಾಗಲೂ ಅದೇ ಕನಸು. ನೀರಿನ ಗೋಡೆ, ಮುಚ್ಚಿದ ಕಣ್ಣು, ಎಡಗೈಯಲ್ಲಿ ಬಿಗಿದ ಹಗ್ಗ. ಕೋಣಗಳ ಬೆನ್ನು ಕಾಣಬೇಕಾದ ಕಡೆ ಬರೀ ಬೆಳಕು. ಎಚ್ಚರವಾದಾಗ ಎಡಗೈ ಮುಷ್ಟಿ ಕಟ್ಟಿರುತ್ತಿತ್ತು, ಬೆರಳು ಬಿಡಿಸಲಿಕ್ಕೆ ಸ್ವಲ್ಪ ಹೊತ್ತು ಬೇಕಾಗುತ್ತಿತ್ತು. ಎದ್ದು ತೋಟಕ್ಕೆ ಹೋಗುತ್ತಿದ್ದೆ. ಬೆಳಗಿನ ಮಂಜಿನಲ್ಲಿ ರಬ್ಬರ್ ಮರಗಳ ಸಾಲು ಸಾಲು ನೋಡಿದರೆ ಅದೂ ಒಂದು ಕರೆಯ ಹಾಗೆ, ಕೊನೆ ಕಾಣದ ಕರೆಯ ಹಾಗೆ ಕಾಣುತ್ತಿತ್ತು.

ನನ್ನ ತಂಗಿಯ ಮಗಳು ನಮ್ಮ ಮನೆಯಲ್ಲೇ ಇದ್ದು ಮೂಡುಬಿದಿರೆಯಲ್ಲಿ ಕಾಲೇಜು ಓದುತ್ತಾಳೆ. ಇನ್ನೂರು ಮೀಟರ್ ಓಡುವವಳು. ಒಂದು ದಿನ ಸಂಜೆಯ ಬಸ್ಸು ಇಲ್ಲ ಎಂದು ಫೋನು ಮಾಡಿದಳು, ಬೈಕಿನಲ್ಲಿ ಕರೆತರಲು ಹೋದೆ. ಅವಳ ಪ್ರಾಕ್ಟೀಸು ಮುಗಿದಿರಲಿಲ್ಲ. ಹಾಗೆ ನಾನು ಮೊದಲ ಸಲ ಸಿಂಥೆಟಿಕ್ ಟ್ರ್ಯಾಕನ್ನು ಹತ್ತಿರದಿಂದ ನೋಡಿದ್ದು. ಬಿಸಿಲು ಇಳಿಯುತ್ತಿತ್ತು, ಟ್ರ್ಯಾಕು ಕೆಂಪಗೆ, ಒಣಗಿ, ಯಾರೋ ಒರೆಸಿ ಇಟ್ಟ ಹಾಗಿತ್ತು. ಬಿಳಿ ಗೆರೆಗಳು. ಎರಡು ಗೆರೆಗಳ ನಡುವೆ ಒಬ್ಬರಿಗೆ ಒಂದು ದಾರಿ. ಆ ದಾರಿಯಲ್ಲಿ ಮುಂದೆ ಏನೂ ಇಲ್ಲ. ನೀರಿಲ್ಲ, ಕೋಣ ಇಲ್ಲ, ಹಗ್ಗ ಇಲ್ಲ. ನನ್ನ ಕನಸಿನ ಬೆಳಕು ಇದೇ ಇರಬಹುದೇ ಎಂದು ಅನಿಸಿ, ಚಪ್ಪಲಿ ಬಿಟ್ಟು ಒಂದು ಪಾದ ಅದರ ಮೇಲೆ ಇಟ್ಟು ನೋಡಿದೆ. ಬಿಸಿಯಾಗಿತ್ತು.

ಬೈಕಿನಲ್ಲಿ ವಾಪಸು ಬರುವಾಗ ಅವಳೇ ಹೇಳಿದಳು, ನಲವತ್ತು ದಾಟಿದವರಿಗೆ ಬೇಸಿಗೆಯಲ್ಲಿ ಇದೇ ಮೈದಾನದಲ್ಲಿ ಒಂದು ಓಟದ ಕೂಟ ಉಂಟು, ನೂರು ಮೀಟರ್ ಓಡಬಹುದು ಎಂದು. ಮನೆ ಮುಟ್ಟಿದೆವು. ಅಂಗಳದಲ್ಲಿ ಬೈಕು ನಿಲ್ಲಿಸಿ, ನನಗೆ ಕಲಿಸುತ್ತೀಯಾ ಎಂದು ಕೇಳಿದೆ.

ಕೊಯ್ಲು ಮುಗಿದ ನಮ್ಮ ಗದ್ದೆಯಲ್ಲಿ ಕಲಿಕೆ ಶುರುವಾಯಿತು. ಮೊದಲ ದಿನವೇ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾವು ಮನೆಯಲ್ಲಿ ಆಡುವುದು ತುಳು, ಅವಳ ಮಾತನ್ನು ಕನ್ನಡದಲ್ಲಿ ಬರೆದರೆ ಹೀಗೆ.

"ಮಾವ, ನೀವು ಓಡುದಲ್ಲ. ಯಾರೋ ನಿಮ್ಮನ್ನು ಎಳ್ಕೊಂಡು ಹೋಗುವ ಹಾಗೆ ಉಂಟು."

ಅವಳಿಗೆ ಕಲ್ಲಡ್ಕದ ಕಥೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಹೇಳಿದ ಮಾತು ಆದ್ದರಿಂದಲೇ ಅದು ಸೀದಾ ಒಳಗೆ ಹೋಯಿತು. ಮೊಬೈಲಿನಲ್ಲಿ ತೆಗೆದದ್ದನ್ನು ತೋರಿಸಿದಳು. ಹೌದು, ಬೆನ್ನು ಹಿಂದಕ್ಕೆ ಬಾಗಿತ್ತು. ಎಡಗೈ ಎದೆಯ ಮುಂದೆ ಗಟ್ಟಿಯಾಗಿ ನಿಂತಿತ್ತು. ಬಲಗೈ ಬೆತ್ತ ಹಿಡಿದವನ ಹಾಗೆ ಮೇಲಕ್ಕೆ ಎದ್ದಿತ್ತು. ಬಸ್ಸಿನ ಬಾಗಿಲಲ್ಲಿ ನೇತಾಡುವ ಕಂಡಕ್ಟರನೂ ಇದಕ್ಕಿಂತ ಚೆಂದ ಓಡುತ್ತಾನೆ ಎಂದಳು. ನಾನು ಸಿಟ್ಟು ಮಾಡಲಿಲ್ಲ. ಆ ಚಿತ್ರವನ್ನೇ ನೋಡುತ್ತಿದ್ದೆ. ನನ್ನ ಮುಂದೆ ಎರಡು ಕೋಣಗಳಿಗೆ ಬೇಕಾದಷ್ಟು ಖಾಲಿ ಜಾಗ ಇತ್ತು.

ಬೆನ್ನನ್ನು ಮುಂದಕ್ಕೆ ತರಲಿಕ್ಕೆ ಅವಳು ಒಂದು ಉಪಾಯ ಮಾಡಿದಳು. ಹಳೆಯ ಜೀಪಿನ ಟಯರು ತಂದು, ಅದಕ್ಕೆ ಹಗ್ಗ ಕಟ್ಟಿ, ಹಗ್ಗದ ಇನ್ನೊಂದು ತುದಿಯನ್ನು ನನ್ನ ಸೊಂಟಕ್ಕೆ ಬಿಗಿದಳು. ಟ್ರ್ಯಾಕಿನ ಓಟಗಾರರೆಲ್ಲ ಹೀಗೇ ಶಕ್ತಿ ಮಾಡಿಕೊಳ್ಳುವುದಂತೆ. ಎಳೆಯಿರಿ ಎಂದಳು. ಎಳೆದೆ. ಗದ್ದೆಯ ಕೂಳೆಗಳ ಮೇಲೆ ಟಯರು ತಡೆಯುತ್ತ, ಹಾರುತ್ತ ಹಿಂದೆ ಬಂತು. ಬಾಗದೆ ಉಪಾಯ ಇರಲಿಲ್ಲ. ಇಷ್ಟು ವರ್ಷ ಹಗ್ಗದ ಹಿಂದಿನ ತುದಿಯಲ್ಲಿದ್ದವನು ಈಗ ಮುಂದಿನ ತುದಿಯಲ್ಲಿದ್ದೆ. ಹಿಂದೆ ಭಾರ ಎಳೆಯುವಾಗ ಕುತ್ತಿಗೆ ತಾನಾಗಿ ಕೆಳಗಾಗುತ್ತದೆ, ಮೂಗಿನಿಂದ ದೊಡ್ಡ ಉಸಿರು ಬರುತ್ತದೆ. ಆ ಉಸಿರಿನ ಶಬ್ದ ನನಗೆ ಪರಿಚಯದ್ದು. ಕರೆಯಲ್ಲಿ ನನ್ನ ಮುಂದೆ ಕೇಳುತ್ತಿದ್ದದ್ದು ಅದೇ. ಒಮ್ಮೆ ಅಲ್ಲೇ ನಿಂತುಬಿಟ್ಟೆ.

ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ನೆರೆಮನೆಯ ಅಜ್ಜಿ ಸೊಂಟ ನೆಟ್ಟಗೆ ಮಾಡಿ, ಬರುವ ಮಳೆಗಾಲಕ್ಕೆ ನಮಗೆ ಟ್ರ್ಯಾಕ್ಟರ್ ಬೇಡ ಎಂದರು.

ಬೆಳಗ್ಗೆ ಟ್ಯಾಪಿಂಗ್, ಮರದ ಹಾಲು ಒಟ್ಟು ಮಾಡಿ ರಬ್ಬರ್ ಶೀಟು ಹಾಕುವಾಗ ಮಧ್ಯಾಹ್ನ, ಸಂಜೆ ಟಯರು. ಮೈಯೆಲ್ಲ ನೋವು. ಆದರೆ ನಿಧಾನಕ್ಕೆ ಬೆನ್ನು ಮುಂದೆ ಬಂತು, ಬಲಗೈ ಕೆಳಗಿಳಿಯಿತು. ಎರಡೂ ಕೈ ನೆಲಕ್ಕೆ ಊರಿ ಹೊರಡುವುದನ್ನು ಕಲಿಸಿದಳು. ಅವಳು ಚಪ್ಪಾಳೆ ತಟ್ಟಿದ ಕೂಡಲೇ ಏಳುತ್ತಿದ್ದೆ. ಒಳ್ಳೆದುಂಟು ಎಂದಳು. ಅವಳ ಬಾಯಿಯಲ್ಲಿ ಅದು ದೊಡ್ಡ ಮಾತು.

ಕೂಟಕ್ಕೆ ಮೊದಲು ನಾನೇ ಬೆಳ್ತಂಗಡಿಗೆ ಬಸ್ಸು ಹತ್ತಿ ಧಣಿಗಳ ಮನೆಗೆ ಹೋದೆ. ಅವರು ಜಗಲಿಯಲ್ಲಿ ಕುರ್ಚಿ ಹಾಕಿ ಕೂತಿದ್ದರು, ಮೊದಲಿಗಿಂತ ಸಣ್ಣಗಾಗಿದ್ದರು. ಕೋಣಗಳ ವಿಷಯ ಮಾತಾಡಿದೆವು. ಎದ್ದು ಹೊರಡುವಾಗ, ಹಗ್ಗ ಬಿಟ್ಟು ಓಡುತ್ತಿದ್ದೇನೆ, ಬಂದು ನೋಡಿ ಎಂದೆ. ಅವರು ನನ್ನ ಮುಖವನ್ನು ನೋಡಿದರು. ಕಲ್ಲಡ್ಕ ಅವರಿಗೆ ನೆನಪಿತ್ತೋ ಇಲ್ಲವೋ ಮುಖದಲ್ಲಿ ತಿಳಿಯಲಿಲ್ಲ. ಬರುತ್ತೇನೆ ಎಂದರು.

ಆ ದಿನ ಬಿಸಿಲು ಬಿಳಿಯಾಗಿತ್ತು. ಟ್ರ್ಯಾಕಿನ ಮೇಲೆ ಗಾಳಿ ನೀರಿನ ಹಾಗೆ ಅಲುಗುತ್ತಿತ್ತು, ದೂರದ ಮುಕ್ತಾಯದ ಗೆರೆ ತೇಲುವ ಹಾಗೆ ಕಾಣುತ್ತಿತ್ತು. ಮೈಕಿನಲ್ಲಿ ಯಾರೋ ಹೆಸರು ಕೂಗುತ್ತಿದ್ದರು, ಜನ ಬೊಬ್ಬೆ ಹಾಕುತ್ತಿದ್ದರು. ನನ್ನ ಜೊತೆ ಬ್ಯಾಂಕಿನವರು, ಪೊಲೀಸಿನವರು, ಡ್ರಿಲ್ ಮಾಸ್ಟರು, ಎಲ್ಲರೂ ಚೆಂದದ ಶೂಸು ಹಾಕಿದವರು. ನಾನೂ ಹಾಕಿದ್ದೆ, ತಂಗಿಯ ಮಗಳು ಆರಿಸಿದ್ದು. ಬೇಲಿಯ ಆಚೆ ಕಪ್ಪು ಕೊಡೆಯ ಕೆಳಗೆ ಧಣಿಗಳು ನಿಂತದ್ದು ಕಂಡಿತು.

ಕೈ ಊರಿ ಬಾಗಿದೆ. ಆ ಮೈಕು, ಆ ಬೊಬ್ಬೆ, ಎಲ್ಲ ನಿಧಾನಕ್ಕೆ ಗುಡ್ಡದ ಆಚೆ ಹೋಯಿತು. ಕಣ್ಣು ಅರ್ಧ ಮುಚ್ಚಿತು. ಬಹಳ ಸುಖದ ಒಂದು ಮೌನ. ಆ ಮೌನ ನನಗೆ ಹಳೆಯದು, ಕೋಣಗಳನ್ನು ಬಿಡುವ ಮೊದಲು ಕರೆಯ ತುದಿಯಲ್ಲಿ ಬರುವಂಥದ್ದು. ಅಲ್ಲಿ ಕೋಣಗಳ ತಲೆ ಹಿಡಿದು ನಿಂತವರು ಕೈ ಬಿಡುತ್ತಾರೆ, ಕೋಣ ಹಾರುತ್ತದೆ, ಹಗ್ಗ ಬಿಗಿಯುತ್ತದೆ. ಆ ಎಳೆತ ಬಂದಾಗ ಓಟಗಾರ ಹೊರಡುತ್ತಾನೆ. ಅದಕ್ಕಿಂತ ಮೊದಲು ಹೊರಟರೆ ಕೋಣದ ಕಾಲಿಗೆ ಬೀಳುತ್ತಾನೆ.

ಪಿಸ್ತೂಲಿನ ಶಬ್ದ ಕೇಳಿತು. ಖಂಡಿತ ಕೇಳಿತು. ಇನ್ನು ಎಳೆತ ಬರುತ್ತದೆ ಎಂದು ನನ್ನ ಎಡಗೈ ಕಾಯಿತು.

ಪಕ್ಕದ ದಾರಿಗಳಲ್ಲಿ ಬೆನ್ನುಗಳು ಎದ್ದು ಹೋದವು. ನಾನು ನೆಲದಲ್ಲೇ ಇದ್ದೆ. ಎಷ್ಟು ಹೊತ್ತು ಎಂದು ಕೇಳಬೇಡಿ, ಒಂದು ಉಸಿರಿನಷ್ಟು ಇರಬಹುದು, ನನಗೆ ಅದು ಒಂದು ಮಳೆಗಾಲದಷ್ಟು ಉದ್ದ. ಆಮೇಲೆ ಬೆರಳುಗಳಿಗೆ ಅರ್ಥವಾಯಿತು, ಯಾರೂ ಎಳೆಯುವುದಿಲ್ಲ ಎಂದು.

ಎದ್ದೆ. ಅಲ್ಲಿಂದ ಮುಂದಿನದ್ದು ಪೂರ್ತಿ ನೆನಪಿಲ್ಲ. ಕೆಂಪು ನೆಲ ಕಾಲ ಕೆಳಗೆ ಹಿಂದೆ ಹಿಂದೆ ಹರಿಯಿತು. ನನ್ನ ಮೂಗಿನಿಂದಲೇ ಆ ದೊಡ್ಡ ಉಸಿರು ಬರುತ್ತಿತ್ತು. ನೀರು ಹಾರಲಿಲ್ಲ, ಮುಖ ಒಣಗಿಯೇ ಇತ್ತು, ಹಾಗಾಗಿ ಜೀವನದಲ್ಲಿ ಮೊದಲ ಸಲ ಪಂದ್ಯದಲ್ಲಿ ಓಡುತ್ತಿರುವಾಗ ನನಗೆ ಎಲ್ಲ ಕಂಡಿತು. ಒಂದು ಬೆನ್ನು ಹತ್ತಿರ ಬಂತು, ಪಕ್ಕ ಬಂತು, ಇಲ್ಲವಾಯಿತು. ಇನ್ನೊಂದೂ ಹಾಗೆ. ಗೆರೆ ತೇಲುತ್ತ ಬಂದು ನನ್ನ ಕೆಳಗಿಂದ ಹೋಯಿತು.

ಮೆಡಲು ಮೂವರಿಗೆ. ನಾನು ನಾಲ್ಕನೆಯವ. ಮೇಜಿನ ಹಿಂದೆ ಕೂತವರು ಮೂವರ ಟೈಮು ಮಾತ್ರ ಬರೆದುಕೊಂಡಿದ್ದರು. ಒಬ್ಬರು ಬಂದು ಹೆಗಲು ತಟ್ಟಿ, ಶಬ್ದ ಕೇಳಲಿಲ್ಲವಾ ಎಂದರು. ನಾನು ಹುಲ್ಲಿನ ಮೇಲೆ ಮಲಗಿದ್ದೆ. ಅಷ್ಟು ಚಳಿಗಾಲ, ಅಷ್ಟು ಸಂಜೆ, ಕೊನೆಗೂ ನನ್ನ ಕಾಲಿಗೆ ಒಂದು ಟೈಮು ಇಲ್ಲ ಎಂದು ಆಕಾಶ ನೋಡುತ್ತಿದ್ದೆ.

ಮುಖದ ಮೇಲೆ ಕೊಡೆಯ ನೆರಳು ಬಿತ್ತು.

"ಎಳೆತಕ್ಕೆ ಕಾದೆ ಅಲ್ವಾ?" ಎಂದರು ಧಣಿಗಳು.

ಆ ಮೈದಾನದಲ್ಲಿ ಅಷ್ಟು ಜನ ಇದ್ದರು. ತಿಳಿದದ್ದು ಅವರೊಬ್ಬರಿಗೆ. ನಾನು ಹೂಂ ಎಂದೆ.

"ನನ್ನ ಕೈಯೂ ಕಾಯ್ತಿತ್ತು ಮಾರಾಯ, ಕೋಣ ಬಿಡ್ಲಿಕ್ಕೆ," ಎಂದರು. ಟ್ರ್ಯಾಕಿನ ಕಡೆ ತಿರುಗಿದರು. "ಆಮೇಲೆ ನೀನು ಹೋದದ್ದು ನೋಡಿದೆ. ಎಳೀಲಿಕ್ಕೆ ಮುಂದೆ ಎಂತದೂ ಇರ್ಲಿಲ್ಲ."

ಅಷ್ಟೇ ಹೇಳಿದ್ದು. ಹೊಗಳುವ ಜನ ಅಲ್ಲ ಅವರು.

ತಂಗಿಯ ಮಗಳು ಮೊಬೈಲು ಹಿಡಿದುಕೊಂಡು ಓಡುತ್ತ ಬಂದಳು. ಪೂರ್ತಿ ಓಟವನ್ನು ಅವಳು ವಿಡಿಯೋ ತೆಗೆದಿದ್ದಳು, ಅದರಿಂದ ಟೈಮು ತೆಗೆಯಬಹುದಂತೆ. ಹುಲ್ಲಿನಲ್ಲಿ ಕೂತು, ಮುಂದೆ ಹಿಂದೆ ಮಾಡಿ, ನಿಲ್ಲಿಸಿ ನಿಲ್ಲಿಸಿ ನೋಡಿದಳು.

"ಮಾವ, ಎರಡು ಟೈಮ್ ಉಂಟು. ಶಬ್ದ ಆದಲ್ಲಿಂದ ಒಂದು. ನೀವು ಎದ್ದಲ್ಲಿಂದ ಒಂದು. ಎರಡನೇದು ಭಾರೀ ಲಾಯ್ಕುಂಟು. ಯಾವುದು ಹೇಳ್ಲಿ?"

ಧಣಿಗಳು ಕೊಡೆಯ ಕೆಳಗಿಂದ ನನ್ನನ್ನೇ ನೋಡುತ್ತಿದ್ದರು. ಎರಡನೆಯದು ಕೇಳಬೇಕೆಂದು ಮನಸ್ಸು ಎಷ್ಟು ಹಾರಿತು ಎಂದು ಹೇಳಲಾರೆ. ನನ್ನ ಕಾಲಿನ ಲೆಕ್ಕ ಅದರಲ್ಲಿ ಶುದ್ಧವಾಗಿತ್ತು, ಏನೂ ಬೆರೆಯದೆ. ಆದರೆ ಆ ಕಾಯುವುದನ್ನು ನನಗೆ ಕಲಿಸಿದ್ದು ನನ್ನ ಅಷ್ಟು ವರ್ಷಗಳು. ಅದನ್ನು ಕತ್ತರಿಸಿ ಹೊರಗೆ ಹಾಕಿದರೆ ಓಡಿದವನು ಬೇರೆ ಯಾರೋ ಆಗುತ್ತಾನೆ.

"ಶಬ್ದ ಆದಲ್ಲಿಂದ ಹೇಳು," ಎಂದೆ. "ನಿಂತದ್ದೂ ನಾನೇ ಅಲ್ವಾ."

ಹೇಳಿದಳು. ಧಣಿಗಳು ತಲೆ ಆಡಿಸಿದರು, ಕೊಡೆ ಮಡಚಿದರು, ಚಾ ಕುಡಿಯುವ ಎಂದರು.

ಆ ಟೈಮನ್ನು ನಾನು ಇಲ್ಲಿ ಬರೆಯುವುದಿಲ್ಲ. ಶಿರ್ತಾಡಿ ಕಡೆ ಬಂದರೆ ಕೇಳಿ, ಬಾಯಿಯಲ್ಲಿ ಹೇಳುತ್ತೇನೆ. ನಿಂತದ್ದನ್ನು ಸೇರಿಸಿಯೇ ಹೇಳುತ್ತೇನೆ.