ತಪಾಸಣೆಯ ದಿನ ಮಾತ್ರ ಮೌನ

ಕನಕಪುರದಲ್ಲಿ ಮೊಬೈಲ್ ರಿಪೇರಿಗೆ ಕೊಟ್ಟು ನಿಂತಿದ್ದೆ. ಅಂಗಡಿಯವನು ಸೋಲ್ಡರಿಂಗ್ ಕಡ್ಡಿ ಒತ್ತಿದ. ರಾಳ ಸುಟ್ಟ ಹೊಗೆ ಮೂಗಿಗೆ ಬಡಿಯಿತು. ನಮ್ಮೂರಲ್ಲಿದ್ದ ಎಂಜಿನಿಯರ್ ಸಾರ್ ಅವರ ಅಂಗಿಯಿಂದ ಸದಾ ಇದೇ ವಾಸನೆ ಬರುತ್ತಿತ್ತು... ಇಷ್ಟು ವರ್ಷವಾದರೂ ನನ್ನ ಸಿಟ್ಟು ಆರಿಲ್ಲ.

ಮರಳವಾಡಿ ಕಡೆಯ ನಮ್ಮೂರ ಹೊರಗೆ, ರಾಗಿ ಹೊಲಗಳ ನಡುವೆ ಒಂದು ಪುಟ್ಟ ರೇಡಿಯೋ ವೀಕ್ಷಣಾಲಯವಿತ್ತು. ಕಂಬಗಳಿಗೆ ಕಟ್ಟಿದ ಅಲ್ಯೂಮಿನಿಯಂ ಕಡ್ಡಿಗಳು ಸೂರ್ಯನಿಂದ ಬರುವ ರೇಡಿಯೋ ಅಲೆಗಳನ್ನು ಹಗಲಿಡೀ ಹಿಡಿಯುತ್ತಿದ್ದವು. ಅದನ್ನು ನೋಡಿಕೊಳ್ಳುತ್ತಿದ್ದ ಎಂಜಿನಿಯರನ್ನು ಊರೆಲ್ಲ ಸಾರ್ ಎನ್ನುತ್ತಿತ್ತು. ಕರೆಂಟ್ ಕಂಬದ ಸಡಿಲ ತಂತಿ ಕಿಡಿ ಹಾರಿಸಿದರೂ ಅವರ ಯಂತ್ರಕ್ಕೆ ಗದ್ದಲ. ಕೈಯಲ್ಲೊಂದು ಆಂಟೆನಾ ಹಿಡಿದು, ಮೊಪೆಡ್‌ನಲ್ಲಿ ಸುತ್ತಿ, ಗದ್ದಲದ ಮೂಲ ಹುಡುಕಿ ತಾವೇ ಸರಿಮಾಡುತ್ತಿದ್ದರು. ನಮ್ಮ ಪಂಪ್‌ಸೆಟ್ಟಿನ ಸ್ಟಾರ್ಟರ್ ರಿಪೇರಿಯಾದದ್ದು ಹಾಗೆ, ಹಾಲಿನ ಡೈರಿಯ ಟ್ಯೂಬ್‌ಲೈಟೂ ಹಾಗೇ...

ಆಮೇಲೆ ಹಾರೋಹಳ್ಳಿ ಸುತ್ತ ಕಾರ್ಖಾನೆಗಳು ಎದ್ದವು. ನಮ್ಮೂರ ಪಕ್ಕಕ್ಕೆ ಬಂದದ್ದೊಂದು ತನ್ನ ಲಾರಿಗಳ ಜೊತೆ ಮಾತಾಡಲು ಲೈಸೆನ್ಸಿಲ್ಲದ ಟ್ರಾನ್ಸ್‌ಮಿಟರ್ ಹಾಕಿತು. ನಾನಾಗ ಪಂಚಾಯಿತಿ ಸದಸ್ಯೆ. ಸಾರ್ ಸಭೆಗೆ ರಿಸೀವರ್ ತಂದು ಮೇಜಿನ ಮೇಲಿಟ್ಟು ತಿರುಗಿಸಿದರು. ಕಿರ್ರೆಂಬ ಸದ್ದು, ನಡುವೆ ಯಾರೋ ಡ್ರೈವರನ್ನು ಬೈಯುವ ದನಿ.

"ಈ ಗಲಾಟೇಲಿ ಸೂರ್ಯನ ದನಿ ಮುಚ್ಚಿಹೋಗಿದೆ," ಎಂದರು. "ಕಾರ್ಖಾನೆ ಮುಚ್ಚಿ ಅಂತಿಲ್ಲ. ಲೈಸೆನ್ಸ್ ತಗೊಂಡು ಬೇರೆ ತರಂಗಾಂತರಕ್ಕೆ ಹೋಗಲಿ. ಫಿಲ್ಟರ್ ನಾನೇ ಹಾಕಿಕೊಡ್ತೀನಿ."

"ಸೂರ್ಯ ಏನಂತಾನೆ ಸಾ? ಮಳೆ ಯಾವಾಗ ಬತ್ತದಂತೆ?" ಅಧ್ಯಕ್ಷರು ಕೇಳಿದರು. ಸಭೆ ನಕ್ಕಿತು. ನಾನೂ ನಕ್ಕೆ.

ಸಾರ್ ಬಿಡಲಿಲ್ಲ. ವೈರ್‌ಲೆಸ್ ಪರವಾನಗಿ ನೋಡುವ ಸರ್ಕಾರಿ ಕಚೇರಿಗೆ ಬರೆದು ಬರೆದು ಕೊನೆಗೂ ತಪಾಸಣೆ ಗೊತ್ತುಮಾಡಿಸಿದರು. ಅಧಿಕಾರಿಗಳು ಬರುವ ದಿನದ ಪತ್ರ ಪಂಚಾಯಿತಿಗೂ ಬಂತು. ಅಧ್ಯಕ್ಷರು ನನ್ನೆದುರೇ ಕಾರ್ಖಾನೆಗೆ ಫೋನ್ ಮಾಡಿದರು: "ಗುರ್ವಾರ ಬತ್ತಾರಂತೆ. ಅವತ್ತೊಂದಿನ ಅದನ್ನ ಬಿಚ್ಚಿ ಮಡಗ್ಬುಡಿ." ಫೋನಿಟ್ಟು ನನ್ನ ಕಡೆ ತಿರುಗಿ, "ನಿನ್ ಮೈದ ಅಲ್ಲೇ ತಾನೇ ಕೆಲ್ಸಕ್ಕಿರೋದು?" ಎಂದರು. ಅಷ್ಟೇ.

ಗುರುವಾರ ಗದ್ದಲವಿರಲಿಲ್ಲ. ಅಧಿಕಾರಿಗಳು ಕಾರ್ಖಾನೆಯಲ್ಲಿ ಊಟ ಮುಗಿಸಿ, ದೂರು ಸುಳ್ಳೆಂದು ಬರೆದುಹೋದರು. ಶುಕ್ರವಾರ ಬೆಳಿಗ್ಗೆ ಟ್ರಾನ್ಸ್‌ಮಿಟರ್ ಮತ್ತೆ ಶುರುವಾಯಿತು. ಸಾರ್ ಅವರ ಮೇಲಿನವರು ಸಾರ್‌ನಿಂದಲೇ ವಿವರಣೆ ಕೇಳಿದರು!

ಫೋನಿನ ಸುದ್ದಿಯನ್ನು ಪಂಚಾಯಿತಿ ಜವಾನ ಅವರಿಗೆ ಹೇಳಿಬಿಟ್ಟಿದ್ದ. ಸಾರ್ ನೇರ ನಮ್ಮ ಮನೆಗೆ ಬಂದರು. "ನಾಲ್ಕು ಸಾಲು ಬರೆದು ಸೈನ್ ಹಾಕಿಕೊಡಮ್ಮಾ. ಮತ್ತೆ ತಪಾಸಣೆ ಮಾಡಿಸ್ತೀನಿ."

"ನಂಗೇನೂ ಗೊತ್ತಿಲ್ಲ ಸಾ," ಎಂದೆ.

ಬೈಯಲಿಲ್ಲ. ಅಂಗಳದಲ್ಲಿ ಮೊಪೆಡ್ ತಿರುಗಿಸುತ್ತ ಸಾರ್ ಹೇಳಿದರು: "ಸೂರ್ಯನ ಒಂದು ಆವರ್ತ ಸುಮಾರು ಹನ್ನೊಂದು ವರ್ಷ. ಒಂಬತ್ತು ವರ್ಷ ಒಂದು ದಿನವೂ ತಪ್ಪದೆ ದಾಖಲಿಸಿದ್ದೆ. ಇನ್ನೆರಡೇ ಉಳಿದಿತ್ತಮ್ಮಾ..." ಹೊರಟುಹೋದರು.

ಕೆಲವೇ ತಿಂಗಳಲ್ಲಿ ವೀಕ್ಷಣಾಲಯ ಮುಚ್ಚಿತು. ಕಡ್ಡಿಗಳನ್ನು ಗುಜರಿ ಲಾರಿಗೆ ಎಸೆಯುವಾಗ ಸಾರ್ ಬೇಲಿ ಹಿಡಿದು ನಿಂತಿದ್ದರು. ಬಸ್ಸಿನ ಕಿಟಕಿಯಿಂದ ನೋಡಿದೆ. ಇಳಿಯಲಿಲ್ಲ.

ಮಾರನೆಯ ವರ್ಷ ಆ ಕಾರ್ಖಾನೆ ನನ್ನ ಮೈದುನನನ್ನೂ ಹೊರಗೆ ಹಾಕಿತು. ಅಧ್ಯಕ್ಷರು ಎದುರು ಸಿಕ್ಕರೆ ಈಗಲೂ ನಗುತ್ತಾರೆ. ಆ ನಗು ಕಂಡರೆ ಮೈಯೆಲ್ಲ ಉರಿಯುತ್ತದೆ. ಒಂದು ಊಟಕ್ಕೆ ಸುಳ್ಳು ಬರೆದ ಆ ಅಧಿಕಾರಿಗಳನ್ನು ಏನೆಂದು ಬೈಯಲಿ? ಬಾಯಿದ್ದೂ ಮುಚ್ಚಿಕೊಂಡು ಕೂತ ನನ್ನನ್ನು?

ಮೊನ್ನೆ ಆ ರಿಪೇರಿ ಅಂಗಡಿಯಿಂದ ಮನೆಗೆ ಬಂದವಳೇ ಆ ಜವಾನನಿಗೆ ಫೋನ್ ಮಾಡಿ ಸಾರ್ ವಿಳಾಸ ಕೇಳಿದೆ. ಈಗಲಾದರೂ ಬರೆದುಕೊಡೋಣವೆಂದು.

"ಸಾರ್ ತೀರೋಗ್ಬುಟ್ರಲ್ಲಕ್ಕ... ಎರಡ್ ವರ್ಸ ಆಯ್ತು," ಎಂದ.

ಅದಕ್ಕೇ ಇಲ್ಲಿ ಬರೆದಿದ್ದೇನೆ. ಅವತ್ತು ಅಧ್ಯಕ್ಷರು ಕಾರ್ಖಾನೆಗೆ ಫೋನ್ ಮಾಡಿದ್ದು ನಿಜ. ನಾನು ಎದುರಿಗೇ ಕೂತಿದ್ದೆ.