ಎರಡು ಸಾವಿರ ಓದುಗರು, ನಲವತ್ತಾರು ಚೀಲ

2022ರ ಮುಂಗಾರಿನಲ್ಲಿ ನಾನು ಹಾನಗಲ್ಲಿನ ಒಂದು ರೈತ ಉತ್ಪಾದಕರ ಸಂಸ್ಥೆಯಲ್ಲಿ ಡಿಜಿಟಲ್ ಸಹಾಯಕಿಯಾಗಿದ್ದೆ. ರೈತರೇ ಷೇರು ಹಾಕಿ ಕಟ್ಟಿಕೊಂಡ ಸಂಸ್ಥೆ ಅದು. ಬೀಜ, ಗೊಬ್ಬರ, ದನದ ಹಿಂಡಿ ಮಾರುತ್ತಿತ್ತು. ಅದರ ಕನ್ನಡ ಬ್ಲಾಗ್ ನಡೆಸುವುದು ನನ್ನ ಕೆಲಸ. ಯಾವ ಬೆಳೆಗೆ ಯಾವ ರೋಗ ಬಂದಿದೆ, ಏನು ಹೊಡೆಯಬೇಕು, ಯಾವಾಗ ಹೊಡೆಯಬಾರದು ಎಂದು ದಿನವೂ ಬರೆಯುತ್ತಿದ್ದೆ. ನಮ್ಮೂರು ಹಿರೇಕೆರೂರು ತಾಲೂಕಿನ ಚಿಕ್ಕೇರೂರು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲು. ಬಿ.ಕಾಂ. ಓದಿದ ಮೂರೂ ವರ್ಷ ಬೆಳಿಗ್ಗೆ ಕಳೆ ತೆಗೆದು ಆಮೇಲೆ ಬಸ್ ಹತ್ತಿದವಳು. ಕುರ್ಚಿ, ಮೇಜು, ಕಂಪ್ಯೂಟರ್ ಮೂರೂ ನನ್ನವೆಂಬ ಹೆಮ್ಮೆ ಆಗಲೂ ಇತ್ತು, ಈಗಲೂ ಇದೆ. ಮುಚ್ಚಿಡುವುದಿಲ್ಲ.

ಆದರೆ ಆ ಕುರ್ಚಿ ಒಂದು ವರ್ಷದ ಗುತ್ತಿಗೆಯದು. ಬ್ಲಾಗಿಗೆ ದಿನಕ್ಕೆ ಅರವತ್ತು ಎಪ್ಪತ್ತು ಜನ ಬರುತ್ತಿದ್ದರು. ಮ್ಯಾನೇಜರ್ ಹಿರೇಗೌಡ್ರ ಸರ್ ಒಂದು ದಿನ ನಗುತ್ತಲೇ ಹೇಳಿದರು: "ರೇಣುಕಾ, ಎಪ್ಪತ್ತು ಮಂದಿ ಅಂದ್ರ ಬಸ್‌ಸ್ಟ್ಯಾಂಡಿನ ಚಹಾದಂಗಡ್ಯಾಗೂ ಕುಂತಿರ್ತಾರ." ನಕ್ಕಿದ್ದು ಅವರು, ಹೆದರಿದ್ದು ನಾನು. ಕೆಲಸ ಹೋದರೆ ಚಿಕ್ಕೇರೂರಿಗೆ ಯಾವ ಮುಖ ಹೊತ್ತು ಹೋಗಲಿ ಎಂಬ ಅಳುಕು ಅಂದಿನಿಂದಲೇ ಶುರುವಾಯಿತು.

ಹುಡುಕುತ್ತಾ ಹೋದಾಗ ಟ್ರಾಫಿಕ್ ಎಕ್ಸ್‌ಚೇಂಜ್ ಎಂಬ ಜಾಲ ಸಿಕ್ಕಿತು. ಅದು ಮುಯ್ಯಿ ಇದ್ದ ಹಾಗೆ. ಬೇರೆಯವರ ಬ್ಲಾಗ್ ಪುಟವನ್ನು ನೀವು ಇಪ್ಪತ್ತು ಸೆಕೆಂಡ್ ತೆರೆದಿಟ್ಟರೆ ನಿಮಗೊಂದು ಅಂಕ. ಆ ಅಂಕಕ್ಕೆ ಪ್ರತಿಯಾಗಿ ಇನ್ಯಾರೋ ನಿಮ್ಮ ಪುಟವನ್ನು ಇಪ್ಪತ್ತು ಸೆಕೆಂಡ್ ತೆರೆದಿಡುತ್ತಾರೆ. ಓದಲೇಬೇಕೆಂದಿಲ್ಲ, ಭಾಷೆ ಗೊತ್ತಿರಬೇಕೆಂದೂ ಇಲ್ಲ. ಅವರಿಗೆ ಬೇಕಾದದ್ದೂ ಅಂಕವೇ. ದಿನಾ ಬೆಳಿಗ್ಗೆ ಎರಡು ತಾಸು ಕುಳಿತು ಕ್ಲಿಕ್ ಮಾಡಿದೆ. ಆಮೇಲೆ ಪುಟಗಳು ತಾವೇ ತೆರೆದುಕೊಳ್ಳುವ ಇನ್ನೆರಡು ಜಾಲಗಳಿಗೂ ಸೇರಿದೆ. ಮೂರು ತಿಂಗಳಲ್ಲಿ ದಿನದ ಸಂಖ್ಯೆ ಎರಡು ಸಾವಿರ ದಾಟಿತು.

ಒಂದು ಸಂಗತಿ ಗಮನಿಸಬೇಕಿತ್ತು. ಎಪ್ಪತ್ತು ಜನ ಬರುವಾಗ ವಾರಕ್ಕೆ ಐದಾರು ಪ್ರಶ್ನೆಗಳಾದರೂ ಬರುತ್ತಿದ್ದವು. "ಅಕ್ಕಾರ, ಮಳಿ ಬಂದ್ರ ಔಷಧಿ ತೊಳದು ಹೋಗ್ತೇತೇನ್ರಿ" ಎಂಬಂಥವು. ಎರಡು ಸಾವಿರವಾದ ಮೇಲೂ ಅವು ಐದಾರೇ. ಆ ಪ್ರಶ್ನೆಗಳಿಗೆ ಉತ್ತರ ಬರೆಯುವ ಹೊತ್ತನ್ನೂ ನಾನು ಕ್ಲಿಕ್ಕಿಗೆ ಕೊಟ್ಟೆ.

ಮೌಲಾಸಾಬ ಕಾಕಾ ಎಂಬವರು ಸವಣೂರಿನವರು, ಹಾನಗಲ್ಲಿನಲ್ಲಿ ಆಟೋ ಓಡಿಸುತ್ತಿದ್ದರು. ಆಟೋಕ್ಕೆ ಮೈಕ್ ಕಟ್ಟಿಕೊಂಡು ನಮ್ಮ ಸೂಚನೆಗಳನ್ನು ಊರೂರಿಗೆ ಕೂಗಿ ಬರುವುದು ಅವರ ಕೆಲಸ. ಮೇ ತಿಂಗಳ ಸಭೆಯಲ್ಲಿ ಸರ್ ನನ್ನ ಅಂಕಿ ತೋರಿಸಿ, ಎರಡು ಸಾವಿರ ಮಂದಿ ದಿನಾ ಓದುವಾಗ ಮೈಕ್ ಯಾಕೆ ಎಂದು ಕೇಳಿ, ಅದನ್ನು ನಿಲ್ಲಿಸಿದರು. ನಾನು ಅಲ್ಲೇ ಇದ್ದೆ. ಆ ಅಂಕಿ ಎಲ್ಲಿಂದ ಬಂತೆಂದು ಹೇಳಲಿಲ್ಲ. ಹೊರಗೆ ಕಾಕಾ ನನ್ನನ್ನು ನೋಡಿ, "ನೀ ಬರದದ್ದು ಎರಡು ಸಾವಿರ ಮಂದಿ ಓದಿದ್ರ ಖುಷಿನ ಬೇಟಿ. ನಾ ಕೂಗಿದ್ದು ಎಷ್ಟು ಮಂದಿ ಕೇಳ್ಯಾರಂತ ನಾ ಯಾವತ್ತೂ ಎಣಿಸಲಿಲ್ಲ ನೋಡು" ಎಂದರು. ಚುಚ್ಚಿದರೋ ಹರಸಿದರೋ ತಿಳಿಯಲಿಲ್ಲ.

ಜುಲೈನಲ್ಲಿ ಗೋವಿನಜೋಳಕ್ಕೆ ಸೈನಿಕ ಹುಳು ಬಿತ್ತು. ಅಕ್ಕಿ ತೌಡಿಗೆ ಬೆಲ್ಲ ಕಲಸಿ, ಹುಳಿ ಬರಿಸಿ, ಕೀಟನಾಶಕ ಬೆರೆಸಿ ಸಂಜೆ ಹೊತ್ತು ಬೆಳೆಯ ಸುಳಿಗೆ ಹಾಕುವುದು ಇದಕ್ಕೆ ಮದ್ದು. ರೈತರಿಗೆ ಅನುಕೂಲವಾಗಲೆಂದು ಸಂಸ್ಥೆಯೇ ಇದನ್ನು ಕಲಸಿ ತಿಳವಳ್ಳಿ ಊರಿಗೆ ಒಯ್ದು, ಮರುದಿನ ಸಂಜೆ ಹಾಕಿರೆಂದು ಹೇಳಿ ಸೋಮವಾರ ಮಧ್ಯಾಹ್ನ ಹಂಚಿತು. ನಲವತ್ತಾರು ಮನೆ, ನಲವತ್ತಾರು ಚೀಲ. ಫೋಟೋ ತೆಗೆದವಳು ನಾನೇ.

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಆ ಫೋಟೋವನ್ನು ಬ್ಲಾಗಿಗೆ ಹಾಕಲು ದೊಡ್ಡದು ಮಾಡಿದೆ. ಸಾಲಾಗಿ ನಿಂತ ರೈತರು, ಪ್ರತಿಯೊಬ್ಬರ ಹೆಗಲ ಮೇಲೂ ಚೀಲ. ಚೀಲದ ಮೇಲೆ ಎಮ್ಮೆಯ ಚಿತ್ರ.

ಹೊಸ ಚೀಲ ಬಂದಿರಲಿಲ್ಲವೆಂದು ಗೋದಾಮಿನವರು ಹಿಂಡಿಯ ಖಾಲಿ ಚೀಲಗಳಲ್ಲೇ ವಿಷದ ತೌಡು ತುಂಬಿದ್ದರು. ನಮ್ಮ ಕಡೆ ಖಾಲಿ ಚೀಲವನ್ನು ಯಾರೂ ಎಸೆಯುವುದಿಲ್ಲ, ಹಾಗಾಗಿ ಯಾರ ಕಣ್ಣಿಗೂ ಇದು ತಪ್ಪಾಗಿ ಕಾಣಲಿಲ್ಲ. ಚೀಲ ಒಯ್ದ ಗಂಡಸರಿಗೆ ಇದು ವಿಷವೆಂದು ಬಾಯಿಮಾತಿನಲ್ಲಿ ಹೇಳಿದ್ದರು. ಆದರೆ ಗಂಡಸರು ಬೆಳಿಗ್ಗೆಯೇ ಹೊಲಕ್ಕೆ ಹೋಗಿರುತ್ತಾರೆ. ಚೀಲ ಮನೆಯಲ್ಲಿ. ಎಮ್ಮೆಗೆ ಹಿಂಡಿ ಇಡುವವರು ಹೆಂಗಸರು. ತೌಡು ಬೆಲ್ಲದ ವಾಸನೆ ಬೀರುತ್ತಿರುತ್ತದೆ. ಮಕ್ಕಳೂ ಬೆರಳು ಹಾಕಿ ನೆಕ್ಕಬಹುದು.

ಮೊದಲು ಮಾಡಿದ್ದು ಬ್ಲಾಗಿನಲ್ಲಿ ಎಚ್ಚರಿಕೆ ಬರೆದದ್ದು. ಸರ್‌ಗೂ ಹೇಳಿದೆ. ಹತ್ತು ಗಂಟೆಗೆ ಅವರು ನನ್ನ ಹಿಂದೆ ಬಂದು ನಿಂತು ಪರದೆ ನೋಡಿದರು. "ಮುನ್ನೂರ ಹನ್ನೆರಡು ಮಂದಿ ನೋಡ್ಯಾರ. ಚೀಲ ಇರೋವು ನಲವತ್ತಾರು. ಗಾಬರಿ ಬ್ಯಾಡ" ಎಂದು ನೆಮ್ಮದಿಯಿಂದ ಉಸಿರು ಬಿಟ್ಟರು.

ನೋಡಿದವರು ಯಾವ ಊರಿನವರು ಎಂದು ತೋರಿಸುವ ಪಟ್ಟಿಯೊಂದು ಇರುತ್ತದೆ. ಆ ಜಾಲಕ್ಕೆ ಸೇರಿದಾಗಿನಿಂದ ಅದನ್ನು ತೆರೆಯಲು ನನಗೆ ಧೈರ್ಯವಿರಲಿಲ್ಲ. ಆಗ ತೆರೆದೆ. ನಾನು ಕೇಳಿಯೂ ಇರದ ದೇಶಗಳ ಹೆಸರು ಉದ್ದಕ್ಕೂ ಇದ್ದವು. ನಮ್ಮ ಜಿಲ್ಲೆಯಿಂದ ನೋಡಿದವರು ಮೂವರು. ಒಬ್ಬಳು ನಾನು, ಇನ್ನೊಬ್ಬರು ಸರ್, ಮೂರನೆಯವರು ಬೇರೆ ತಾಲೂಕಿನವರು.

ಹೇಳಿದರೆ ಕುರ್ಚಿ ಹೋಗುತ್ತದೆ. ಹೇಳದಿದ್ದರೆ ಯಾರ ಮನೆಯ ಕೊಟ್ಟಿಗೆಯಲ್ಲಿ ಏನಾಗುತ್ತದೋ. ಹೀಗೆ ಲೆಕ್ಕ ಹಾಕುವುದರಲ್ಲೇ ಒಂದು ನಿಮಿಷ ಹೋಯಿತು. ಆ ಒಂದು ನಿಮಿಷಕ್ಕೆ ಇವತ್ತಿಗೂ ನಾಚುತ್ತೇನೆ.

"ಸರ್, ಇವರ‍್ಯಾರೂ ನಮ್ಮ ಮಂದಿ ಅಲ್ರಿ. ನಾನ ತರಿಸಿದ್ದು. ತಿಳವಳ್ಳ್ಯಾಗ ಒಬ್ಬರೂ ಓದಿಲ್ರಿ."

ಅವರು ಬೈಯಲಿಲ್ಲ. ರಿಜಿಸ್ಟರ್ ಎಳೆದುಕೊಂಡು ಫೋನ್ ಹಚ್ಚತೊಡಗಿದರು. ನಲವತ್ತಾರರಲ್ಲಿ ಎತ್ತಿದವರು ಹತ್ತೊಂಬತ್ತು ಜನ. ಉಳಿದ ಇಪ್ಪತ್ತೇಳು ಮನೆಗಳ ಹೆಸರು ಬರೆದುಕೊಂಡು ನಾನು ಬಸ್‌ಸ್ಟ್ಯಾಂಡಿಗೆ ಓಡಿದೆ. ಕಾಕಾ ಆಟೋದಲ್ಲಿ ಕುಳಿತಿದ್ದರು. ನನ್ನ ಮಾತು ಮುಗಿಯುವ ಮೊದಲೇ ಸೀಟಿನ ಕೆಳಗಿನಿಂದ ಮೈಕ್ ಎಳೆದರು. ಮಾರಿರಲಿಲ್ಲ.

ತಿಳವಳ್ಳಿ ಮುಟ್ಟಿದಾಗ ಹನ್ನೊಂದೂವರೆ. ಮೊದಲ ಮನೆಯ ಅಂಗಳದಲ್ಲಿ ಚೀಲದ ಪಕ್ಕ ಒಂದು ಆಡಿನ ಮರಿ ಸತ್ತು ಬಿದ್ದಿತ್ತು. ಚೀಲದ ಮೂಲೆ ಒದ್ದೆಯಾಗಿತ್ತು. ಮನೆಯವರಿಗೆ ಇನ್ನೂ ಗೊತ್ತೇ ಇರಲಿಲ್ಲ. ನಾನು ಚೀಲ ಮೇಲೆತ್ತಿಟ್ಟು ಮನೆಯವರನ್ನು ಕರೆಯಲು ನಿಂತೆ. ಕಾಕಾ ಮಾತ್ರ ನಿಲ್ಲಲಿಲ್ಲ, ಓಣಿ ಓಣಿಗೆ ಹೊರಟರು: "ಅವ್ವಗೋಳ, ಅಕ್ಕಗೋಳ, ಎಮ್ಮಿ ಚಿತ್ರದ ಚೀಲದಾಗ ಹಿಂಡಿ ಇಲ್ಲ, ವಿಷ ಐತಿ. ಬಿಚ್ಚಬ್ಯಾಡ್ರಿ, ಮುಟ್ಟಬ್ಯಾಡ್ರಿ." ಬಾಗಿಲುಗಳು ತೆರೆದವು. ಹೆಂಗಸರೇ ಚೀಲಗಳನ್ನು ಎತ್ತರಕ್ಕೆ ಏರಿಸಿಟ್ಟರು. ನಾನು ಹಿಂದಿನಿಂದ ಒಂದೊಂದು ಚೀಲಕ್ಕೂ ಕೆಂಪು ಬಣ್ಣದಲ್ಲಿ ಅಡ್ಡ ಗೀಟು ಎಳೆದು, ಹೆಸರು ಹೊಡೆದುಹಾಕುತ್ತಾ ಹೋದೆ. ನಾಲ್ಕೂವರೆ ಹೊತ್ತಿಗೆ ಉಳಿದದ್ದು ಒಂದೇ ಹೆಸರು. ಮನೆ ಹೊಲದಲ್ಲಿತ್ತು. ಆಟೋ ಹೋಗದ ಕೆಸರು ದಾರಿ. ಸಂಜೆ ಎಮ್ಮೆಗೆ ಹಿಂಡಿ ಇಟ್ಟು ಹಾಲು ಹಿಂಡುವ ಹೊತ್ತು ಬೇರೆ.

ಚಪ್ಪಲಿ ಕೈಯಲ್ಲಿ ಹಿಡಿದು ಓಡಿದೆ. ನೀಲವ್ವ ಎಂಬ ಐವತ್ತರ ಹೆಂಗಸು ಬಕೀಟಿನಲ್ಲಿ ತೌಡು ಕಲಸಿ ಎಮ್ಮೆಯ ಮುಂದೆ ಇಡಲು ಬಗ್ಗಿದ್ದಳು. ಎಮ್ಮೆ ಹಗ್ಗ ಜಗ್ಗಿ ಮೂತಿ ಚಾಚಿತ್ತು. ಹೋಗಿ ಬಕೀಟನ್ನು ಒದ್ದುಬಿಟ್ಟೆ.

"ಯಾರವ್ವ ನೀ? ತಿನ್ನೋ ಹಿಂಡಿ ಒದಿತಿಯಲ್ಲ, ತಲಿಗಿಲಿ ಕೆಟ್ಟೇತೇನು?"

ಉತ್ತರ ಕೊಟ್ಟವರು ನನ್ನ ಹಿಂದೆ ಏದುಸಿರು ಬಿಡುತ್ತಾ ಬಂದ ಕಾಕಾ. ಕೇಳಿದ್ದೇ ನೀಲವ್ವ ಎಮ್ಮೆಯ ಬಾಯಿ ಬಿಡಿಸಿ ನೋಡಿದಳು. ಚೆಲ್ಲಿದ್ದನ್ನು ಗುಂಡಿ ತೋಡಿ ಮುಚ್ಚಿ, ಮೂವರೂ ಕೈ ತೊಳೆದುಕೊಂಡೆವು. ಮೊದಲೇ ಯಾಕೆ ತಿಳಿಸಲಿಲ್ಲ ಎಂದು ಅವಳು ಕೇಳಿದಳು. ಬೆಳಿಗ್ಗೆಯೇ ಬರೆದು ಹಾಕಿದ್ದೆ, ಇಷ್ಟೊತ್ತಿಗೆ ಸಾವಿರಾರು ಜನ ನೋಡಿದ್ದಾರೆ ಎಂದೆ. ಯಾಕೆ ಹಾಗೆ ಹೇಳಿದೆನೋ, ಬಾಯಿಗೆ ಬಂತು.

ನೀಲವ್ವ ಎಮ್ಮೆಯ ಬೆನ್ನು ಸವರುತ್ತಾ ಸಹಜವಾಗಿ ಕೇಳಿದಳು: "ಅಷ್ಟು ಮಂದ್ಯಾಗ ಒಬ್ಬರ ಮನ್ಯಾಗೂ ಎಮ್ಮಿ ಇದ್ದಿಲ್ಲೇನವ್ವ?"

ಮರುದಿನ ನಡೆದದ್ದನ್ನೆಲ್ಲ ಬರೆದು ಸಹಿ ಮಾಡಿ ಕೊಟ್ಟೆ. ಸರ್ ಅದರ ಕೆಳಗೆ, ಚೀಲದ ತಪ್ಪು ತಮ್ಮದೂ ಎಂದು ಬರೆದು ಆಡಳಿತ ಮಂಡಳಿಗೆ ಕಳಿಸಿದರು. ಕೆಲಸ ಉಳಿಯಿತು. ಮೈಕ್ ಆಟೋ ಮತ್ತೆ ಶುರುವಾಯಿತು. ಮೂರೂ ಜಾಲಗಳಿಂದ ಹೊರಬಂದೆ. ಆ ವಾರ ದಿನಕ್ಕೆ ಬಂದವರು ಐವತ್ತೆಂಟು ಜನ.

ಈಗ ಶಿಗ್ಗಾಂವಿಯಲ್ಲಿ ಇಂಥದ್ದೇ ಕೆಲಸದಲ್ಲಿದ್ದೇನೆ. ಹೊಸದಾಗಿ ಬ್ಲಾಗ್ ಶುರು ಮಾಡುವವರು ಈ ಜಾಲಗಳಿಗೆ ಹೊತ್ತು ಕೊಡಬಹುದೇ ಎಂದು ಕೇಳುತ್ತಾರೆ. ಕೊಡಬೇಡಿ ಎನ್ನುತ್ತೇನೆ. ಅಲ್ಲಿ ಹೋಗುವುದು ದಿನಕ್ಕೆ ಎರಡು ತಾಸು ಮಾತ್ರವಲ್ಲ. ಯಾರಿಗೆ ತಲುಪಿಲ್ಲ ಎಂಬುದು ಕಾಣದ ಹಾಗೆ ನಿಮ್ಮ ಕಣ್ಣನ್ನೇ ಅದು ಕಟ್ಟುತ್ತದೆ. ಮೊದಲು ಬರುವ ಐವತ್ತು ಜನರ ಪ್ರಶ್ನೆಗೆ ಉತ್ತರ ಬರೆಯಿರಿ.

ಇವತ್ತಿಗೂ ಬ್ಲಾಗಿನ ಸಂಖ್ಯೆ ಒಮ್ಮೆಲೇ ಏರಿದರೆ ನನಗೆ ಖುಷಿಯಾಗುವುದಿಲ್ಲ. ಮೊದಲು ಊರುಗಳ ಪಟ್ಟಿ ತೆರೆಯುತ್ತೇನೆ. ಅದು ತೆರೆದುಕೊಳ್ಳುವವರೆಗೂ ಮೂಗಿಗೆ ಬೆಲ್ಲದ ವಾಸನೆ ಬಡಿಯುತ್ತಿರುತ್ತದೆ.