ನೀಲವ್ವನ ಮಾತು ಕೇಳಲು ತಿರ್ಲಾಪುರಕ್ಕೆ

ಧಾರವಾಡದ ಬಸ್ ನಿಲ್ದಾಣದಿಂದ ನಾನು ಹೊರಟಾಗ ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಕೈಯಲ್ಲೊಂದು ಚೀಲ, ಅದರಲ್ಲಿ ಅರ್ಧ ಕಿಲೋ ಪೇಡೆ, ಒಂದು ಶಾಲು, ನೀರಿನ ಬಾಟಲಿ. ಮೊಬೈಲನ್ನು ಮಾತ್ರ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದೆ. ನನ್ನ ತಮ್ಮನ ಹೆಂಡತಿ ವಿದ್ಯಾ ಬಸ್ಸಿನ ಬಾಗಿಲವರೆಗೂ ಬಂದು, "ನಾನೂ ಬರ್ತೀನ್ರಿ ಅಕ್ಕಾರ, ಒಬ್ಬರಽ ಹೆಂಗ ಹೋಗ್ತೀರಿ?" ಎಂದಳು. ಆ ಮಾತು ನನಗೆ ಕೇಳಿಸಲಿಲ್ಲ. ಎದೆಯ ಮೇಲೆ ತೂಗುತ್ತಿದ್ದ ಮೊಬೈಲನ್ನು ಎತ್ತಿ ಓದಿಕೊಂಡೆ.

ನನಗೆ ಕಿವಿ ಕೇಳುವುದಿಲ್ಲ. ಹನ್ನೊಂದನೆಯ ವಯಸ್ಸಿನಲ್ಲಿ ಕೆಟ್ಟ ಜ್ವರವೊಂದು ಬಂದು, ಹೋಗುವಾಗ ಎರಡೂ ಕಿವಿಗಳನ್ನು ತೆಗೆದುಕೊಂಡು ಹೋಯಿತು. ಅಷ್ಟರಲ್ಲಿ ಮಾತು, ಓದು, ಬರಹ ಬಂದಿದ್ದವು. ಹಾಗಾಗಿ ಮಾತಾಡುತ್ತೇನೆ, ಆದರೆ ನನ್ನ ದನಿ ಈಗ ಹೇಗಿದೆಯೆಂದು ಕೇಳಿದವರ ಮುಖ ನೋಡಿ ಊಹಿಸಬೇಕು. ಧಾರವಾಡದ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತ ವಯಸ್ಸು ಅರವತ್ತರ ಹತ್ತಿರ ಬಂತು. ಎಷ್ಟೋ ಪ್ರವಾಸ ಕಥನಗಳ ಕರಡು ನನ್ನ ಕೈಯಿಂದ ದಾಟಿವೆ. ಬಸ್ಸಿನಲ್ಲಿ ಪಕ್ಕದವರು ಹೀಗೆಂದರು, ಚಹಾದಂಗಡಿಯವನು ಹಾಗೆಂದ ಎಂದು ಬರೆದಲ್ಲೆಲ್ಲ ನನಗೆ ಹೊಟ್ಟೆಕಿಚ್ಚು. ನಾನು ಹೋದ ಊರುಗಳಲ್ಲಿ ಬಾಯಿಗಳು ಅಲ್ಲಾಡುತ್ತಿದ್ದವು, ಅಷ್ಟೆ.

ಈ ಸಲದ ಮಳೆಗಾಲದಲ್ಲಿ ವಿದ್ಯಾ ನನ್ನ ಮೊಬೈಲಿಗೆ ಕೃತಕ ಬುದ್ಧಿಯ ಒಂದು ಆ್ಯಪ್ ಹಾಕಿಕೊಟ್ಟಳು. ಸುತ್ತಲಿನವರು ಆಡಿದ್ದನ್ನು ಅದು ಆಡಿದ ಹಾಗೆಯೇ ಬರೆದು ತೋರಿಸುತ್ತದೆ. ಮೊದಲೂ ಇಂಥವನ್ನು ನೋಡಿದ್ದೆ. ಅವು ನಮ್ಮ ಕಡೆಯ ಮಾತನ್ನು ಪಠ್ಯಪುಸ್ತಕದ ಕನ್ನಡಕ್ಕೆ ಎಳೆದು ಕೆಡಿಸುತ್ತಿದ್ದವು. ಇದು 'ಬರ್ರಿ' ಅಂದರೆ 'ಬರ್ರಿ' ಎಂದೇ ಬರೆಯುತ್ತದೆ. ಯಾರ ಮಾತು ಯಾವುದು ಎಂದು ಬೇರೆ ಬೇರೆ ಬಣ್ಣದಲ್ಲಿ ತೋರಿಸುತ್ತದೆ. ಸರಿಯಾಗಿ ಕೇಳಿಸದಿದ್ದಲ್ಲಿ ತನ್ನದೊಂದು ಊಹೆ ತುರುಕುವುದಿಲ್ಲ, 'ಇಲ್ಲಿ ಕೇಳಿಸಲಿಲ್ಲ' ಎಂದು ಬರೆದು ಸುಮ್ಮನಾಗುತ್ತದೆ. ಕರಡು ತಿದ್ದುವವಳಿಗೆ ಅದರ ಮೇಲೆ ನಂಬಿಕೆ ಹುಟ್ಟಿದ್ದು ಅಲ್ಲಿಯೇ.

ಅದು ಕೈಗೆ ಬಂದ ದಿನದಿಂದ ನನ್ನ ತಲೆಯಲ್ಲಿ ಒಬ್ಬಳೇ ಇದ್ದಳು, ನೀಲವ್ವ. ಅಣ್ಣಿಗೇರಿಯಲ್ಲಿ ನಮ್ಮ ಬಾಜು ಮನೆಯವಳು, ನನ್ನದೇ ವಯಸ್ಸು. ನಮ್ಮ ಅಪ್ಪ ಶಾಲೆಯ ಮಾಸ್ತರರು. ಅವಳ ಅಪ್ಪನಿಗೆ ಕುರಿ ಮತ್ತು ಒಂದಿಷ್ಟು ಹೊಲ. ನನ್ನ ಕಿವಿ ಹೋದ ಮೇಲೆ ಉಳಿದ ಗೆಳತಿಯರು ಕೈಸನ್ನೆಗೆ ಇಳಿದರು, ಆಮೇಲೆ ಅದನ್ನೂ ಬಿಟ್ಟರು. ನೀಲವ್ವ ಮಾತ್ರ ಏನೂ ಆಗಿಯೇ ಇಲ್ಲವೆಂಬಂತೆ ನನ್ನ ಕೈ ಹಿಡಿದು ಮಾತಾಡುತ್ತಲೇ ಹೋದಳು. ಮದುವೆಯಾಗಿ ತಿರ್ಲಾಪುರಕ್ಕೆ ಹೋದ ಮೇಲೂ, ಎಲ್ಲಿ ಸಿಕ್ಕರೂ, ಒಂದು ಮೂಲೆಗೆ ಕರೆದೊಯ್ದು ಎಷ್ಟೋ ಹೊತ್ತು ಹೇಳುತ್ತಿದ್ದಳು. ಅವಳ ತುಟಿಯ ಓಟ ನನಗೆ ಎಂದೂ ಹಿಡಿಯಲಿಲ್ಲ. ಇಷ್ಟು ವರ್ಷ ಅವಳು ಏನು ಹೇಳುತ್ತ ಬಂದಳು? ಅದನ್ನು ತಿಳಿಯುವ ಆಸೆಯೇ ನನ್ನನ್ನು ಹೊರಡಿಸಿತ್ತು.

ಹುಬ್ಬಳ್ಳಿಯಲ್ಲಿ ಇಳಿದು ನವಲಗುಂದದ ಬಸ್ಸು ಹಿಡಿದೆ. "ಆಧಾರ್ ತೋರಸ್ರಿ ಬಾಯಾರ" ಎಂದ ಕಂಡಕ್ಟರು ಸೊನ್ನೆ ರೂಪಾಯಿಯ ಟಿಕೇಟು ಹರಿದುಕೊಟ್ಟರು. ಊರಿನ ಕಟ್ಟಡಗಳು ಹಿಂದೆ ಬಿದ್ದೊಡನೆ ಕಪ್ಪು ಮಣ್ಣಿನ ಎರಿ ನೆಲ ತೆರೆದುಕೊಂಡಿತು. ಎರಡೂ ಕಡೆ ಹತ್ತಿ ಒಡೆದು ನಿಂತಿತ್ತು, ನಡುನಡುವೆ ಕಡಲೆ, ಕುಸುಬೆ. ಮರವೆಂಬುದು ಅಪರೂಪ. ಆಗ ಮೊಬೈಲಿನಲ್ಲಿ ಒಂದು ಸಾಲು ಮೂಡಿತು: 'ಹಿಂದಿನ ಸೀಟಿನ ಇಬ್ಬರು ಮಾತಾಡುತ್ತಿದ್ದಾರೆ. ನಿಮ್ಮೊಂದಿಗೆ ಅಲ್ಲ. ಬರೆಯಲೇ?'

ಕಿವಿ ಇದ್ದವರನ್ನು ಯಾರೂ ಹೀಗೆ ಕೇಳುವುದಿಲ್ಲ. ಅವರ ಕಿವಿಗೆ ಎಲ್ಲವೂ ತಾನಾಗಿ ಬೀಳುತ್ತದೆ. ಸ್ವಲ್ಪ ಅಳುಕಿ, ಬರೆ ಎಂದೆ.

"ನಮ್ಮ ಸೊಸಿ ರೊಟ್ಟಿ ಬಡದ್ರ ಓಣಿ ಎಲ್ಲಾ ಎದ್ದು ಕೂಡತೈತಿ."

"ತೆಳ್ಳಗ ಬರ್ತಾವಿಲ್ಲೋ, ಅದನ್ನ ಹೇಳು."

"ಬರ್ತಾವ. ಅದಕ್ಕಽ ನಾ ಸುಮ್ನದೀನಿ."

ನಾನು ಜೋರಾಗಿ ನಕ್ಕಿರಬೇಕು. ಮುಂದಿನವರು ತಿರುಗಿ ನೋಡಿದರು. ಅತ್ತೆಯೊಬ್ಬಳು ತನ್ನ ಸೊಸೆಯ ರೊಟ್ಟಿಯ ಬಗ್ಗೆ ಬಸ್ಸಿನಲ್ಲಿ ಆಡುವ ಮಾತು ಯಾರಿಗೆ ಬೇಕು? ನನಗೆ ಬೇಕಾಗಿತ್ತು. ದೊಡ್ಡ ಸುದ್ದಿಗಳನ್ನು ಯಾರಾದರೂ ಬರೆದು ತೋರಿಸುತ್ತಿದ್ದರು: ಯಾರು ಸತ್ತರು, ಯಾರ ಮದುವೆ ಗೊತ್ತಾಯಿತು. ಇಂಥ ಬಿಡಿ ಮಾತನ್ನು ಯಾರೂ ಬರೆದು ತೋರಿಸಲಿಲ್ಲ. ನವಲಗುಂದ ಬರುವವರೆಗೂ ಹೊಲ ನೋಡುವುದನ್ನು ಬಿಟ್ಟು ಓದುತ್ತಲೇ ಇದ್ದೆ.

ನವಲಗುಂದದ ನಿಲ್ದಾಣದ ಎದುರು ಚಹಾ ಕುಡಿದು, ಎರಡು ಮಿರ್ಚಿ ಭಜಿ ತಿಂದೆ. ಪಕ್ಕದ ಬೆಂಚಿನ ಮೇಲೆ ಯಮನೂರಿನ ದರ್ಗಾಕ್ಕೆ ಹೊರಟಿದ್ದ ಹೆಂಗಸೊಬ್ಬರು ಸಕ್ಕರೆ, ಹೂವಿನ ಪೊಟ್ಟಣ ಹಿಡಿದು ಕೂತಿದ್ದರು. ನನ್ನ ಮೊಬೈಲಿನೊಳಗೆ ಇಣುಕಿ, "ಕಿವಿ ಕೇಳಂಗಿಲ್ಲೇನ್ರಿ? ನನ್ನ ಕೂಡ ಯಮನೂರಿಗೆ ಬರ್ರಿ, ಬೇಡಿಕೊಂಡು ಬರೋಣು" ಎಂದರು.

"ಸಣ್ಣಾಕಿ ಇದ್ದಾಗ ನಮ್ಮವ್ವ ಕರಕೊಂಡು ಹೋಗಿದ್ಲ್ರಿ" ಎಂದೆ. ಎರಡನೆಯ ಸಲ ಹೇಳಿದಾಗ ಅವರಿಗೆ ತಿಳಿಯಿತು.

"ಭಾಳ ಬೇಡ್ಕೊಂಡಿರಬೇಕು ಪಾಪ."

ಹೌದು. ಅವ್ವ ಅಲ್ಲಿ ಹಳ್ಳದ ದಂಡೆಯ ಮೇಲೆ ನನ್ನ ಮುಖಕ್ಕೆ ಮುಖ ಹಚ್ಚಿ ಏನೇನೋ ಹೇಳಿದ್ದು ಕಣ್ಣ ಮುಂದಿದೆ. ದೇವರಿಗೆ ಹೇಳಿದಳೋ ನನಗೆ ಹೇಳಿದಳೋ ತಿಳಿಯದು. ಅವ್ವ ತೀರಿಕೊಂಡು ಬಹಳ ವರ್ಷವಾಯಿತು. ಅವಳಿದ್ದಾಗ ಈ ಮೊಬೈಲು ಇದ್ದಿದ್ದರೆ ಎಂದುಕೊಂಡೆ. ಆಮೇಲೆ ಟಂಟಂ ಗಾಡಿಯವನು ಕೈ ಮಾಡಿದ್ದು ಕಂಡು ಎದ್ದೆ. ತಿರ್ಲಾಪುರಕ್ಕೆ ಅವನು ಮೂವತ್ತು ರೂಪಾಯಿ ತೆಗೆದುಕೊಂಡ.

ನೀಲವ್ವನ ಮನೆ ಹುಡುಕಲು ಕಷ್ಟವಾಗಲಿಲ್ಲ. ಮಗ, ಸೊಸೆ ಹತ್ತಿ ಬಿಡಿಸಲು ಹೋಗಿದ್ದರು. ಮೊಣಕಾಲು ನೋವೆಂದು ಅವಳೊಬ್ಬಳೇ ಉಳಿದು, ಎಮ್ಮೆಗೆ ನೀರು ಕುಡಿಸುತ್ತಿದ್ದಳು. ನನ್ನನ್ನು ಕಂಡವಳೇ ಕೊಡ ಕೆಳಗಿಟ್ಟು ಬಂದು ಕೈ ಹಿಡಿದಳು. ಬಾಯಿ ಎಂದಿನಂತೆ ಓಡತೊಡಗಿತು. ನಾನು ಇನ್ನೊಂದು ಕೈಯಿಂದ ಮೊಬೈಲು ಎತ್ತಿದೆ.

"ಯಾವಾಗ ಬಂದಿ ಬೇ, ಒಂದು ಮಾತು ಹೇಳಿ ಕಳಸಬಾರದೇನ, ಬಿಸಲಾಗ ಮಾರಿ ನೋಡು ಹೆಂಗ ಕೆಂಪಾಗೇತಿ, ಒಬ್ಬಾಕಿನ ಯಾಕ ಬಿಟ್ಟಾರ ನಿನ್ನ, ಒಳಗ ಬಾ, ಇದೇನ ಕೊಳ್ಳಾಗ ಕಟ್ಕೊಂಡಿ."

ಓದುತ್ತಿದ್ದಂತೆ ಒಂದು ಸಂಗತಿ ನಡೆಯಿತು. ಆ ಸಾಲುಗಳು ನನ್ನೊಳಗೆ ದನಿಯಾದವು. ನನ್ನ ನೆನಪಿನಲ್ಲಿರುವುದು ಹನ್ನೊಂದು ವರ್ಷದ ನೀಲವ್ವನ ದನಿ, ತುಸು ಕೀರಲು, ತುದಿಯಲ್ಲಿ ಎಳೆಯುವ ದನಿ. ಎದುರಿಗೆ ನರೆತ ಕೂದಲಿನ ಹೆಂಗಸು ನಿಂತಿದ್ದಳು. ಮಾತಾಡುತ್ತಿದ್ದವಳು ಅಣ್ಣಿಗೇರಿಯ ಓಣಿಯ ಹುಡುಗಿ. ನಾನು ಅಲ್ಲಿಯೇ ಕಟ್ಟೆಯ ಮೇಲೆ ಕುಳಿತುಬಿಟ್ಟೆ.

ಮೊಬೈಲು ಏನು ಮಾಡುತ್ತದೆಂದು ಹೇಳಿ, ಅವಳದೇ ಮಾತುಗಳನ್ನು ತೋರಿಸಿದೆ. ಐದನೆಯ ಇಯತ್ತೆವರೆಗೆ ನನ್ನ ಪಕ್ಕದಲ್ಲೇ ಕೂತು ಕಲಿತವಳು, ಬೆರಳಿಟ್ಟು ಓದಿದಳು. ಓದಿ ಮುಗಿಸಿ ನನ್ನ ಕೈ ಬಿಟ್ಟಳು.

ಆಮೇಲೆ ಅವಳು ಬೀಗರ ಮುಂದೆ ಮಾತಾಡುವಂತೆ ಮಾತಾಡಿದಳು. ತಮ್ಮ ಹೇಗಿದ್ದಾನೆ, ಧಾರವಾಡದಲ್ಲಿ ನೀರು ಬರುತ್ತದೆಯೇ, ಈ ಸಲ ಹತ್ತಿ ಪರವಾಗಿಲ್ಲ. ಬಿಸಿ ರೊಟ್ಟಿ, ಕಡಲೆ ಸೊಪ್ಪಿನ ಪಲ್ಯ, ಗಟ್ಟಿ ಮೊಸರು ಬಡಿಸಿದಳು. ಊಟ ಎಷ್ಟು ರುಚಿಯಾಗಿತ್ತೋ ಮಾತು ಅಷ್ಟೇ ಸಪ್ಪೆಯಾಗಿತ್ತು. ಪ್ರತಿ ಮಾತಿಗೂ ಮುಂಚೆ ಅವಳ ಕಣ್ಣು ನನ್ನ ಎದೆಯ ಮೇಲಿನ ಮೊಬೈಲಿಗೆ ಹೋಗಿ ಬರುತ್ತಿತ್ತು.

"ಯಾಕ ಹಿಂಗ ಆದಿ?" ಎಂದು ಕೇಳಿದೆ. ನನ್ನ ಒಡಕು ದನಿ ಅವಳಿಗೆ ಒಂದೇ ಸಲಕ್ಕೆ ತಿಳಿಯುತ್ತದೆ.

"ಇದು ಎಲ್ಲಾ ಬರಕೊಂಡು ಯಾರಿಗೆ ಕೊಡತೈತಿ?"

ಅದನ್ನೇ ಕೇಳು ಎಂದೆ. ಅವಳು ಬಗ್ಗಿ ಮೊಬೈಲಿಗೆ ಅದೇ ಪ್ರಶ್ನೆ ಕೇಳಿದಳು. ಉತ್ತರ ಪರದೆಯ ಮೇಲೆ ಬಂತು: 'ಯಾರಿಗೂ ಕೊಡುವುದಿಲ್ಲ. ಇಟ್ಟುಕೋ ಎಂದು ಹೇಳದಿದ್ದರೆ ಇದು ಅಳಿಸಿ ಹೋಗುತ್ತದೆ. ನಿಮಗೆ ಬೇಡವಾದರೆ ಹೇಳಿ, ನಿಮ್ಮ ಮಾತನ್ನು ಬರೆಯುವುದನ್ನು ಈಗಲೇ ನಿಲ್ಲಿಸುತ್ತೇನೆ.' ಇಟ್ಟುಕೋ ಎಂದು ನಾನು ಹೇಳಿಲ್ಲ ಎಂದೆ. ನೀಲವ್ವ ನನ್ನ ಕಡೆ ತಿರುಗಿ ಹೇಳಿದಳು.

"ನಿನಗ ಕೇಳಸಂಗಿಲ್ಲ ಅಂತಽ ಎಲ್ಲಾ ಹೇಳ್ತಿದ್ದೆ."

ಇದನ್ನು ನಾನು ಎಣಿಸಿರಲಿಲ್ಲ. "ಬಾವಿ ಮುಂದ ಕುಂತು ಹೇಳಿದಂಗ?" ಎಂದೆ. ನನಗೆ ನೋವಾಗಿದ್ದು ಅವಳಿಗೆ ಕಂಡಿತು.

"ಬಾವಿ ಕೈ ಹಿಡಿಯಂಗಿಲ್ಲಲ್ಲ."

ಮೊಬೈಲನ್ನು ಬಂದ್ ಮಾಡಲು ಬೆರಳಿಟ್ಟೆ. ಅವಳು ನನ್ನ ಬೆರಳು ಹಿಡಿದಳು. "ತಡಿ. ಒಂದು ಮಾತೈತಿ. ಅದೊಂದು ನೀ ಕೇಳಬೇಕು."

ಅವಳು ನಿಧಾನವಾಗಿ ಹೇಳುತ್ತ ಹೋದಳು. ನನ್ನ ತಮ್ಮನ ಮದುವೆ, ಅಣ್ಣಿಗೇರಿಯ ನಮ್ಮ ಮನೆಯ ಹಿತ್ತಲು. "ಆಗ ಈ ಮನ್ಯಾಗ ನನಗ ಭಾಳ ತ್ರಾಸ ಇತ್ತು. ಅತ್ತಿ ಹೊಟ್ಟಿ ತುಂಬ ಉಣಗೊಡ್ತಿದ್ದಿಲ್ಲ. ಇವ್ರು ಅವ್ವನ ಮಾತು ಮೀರ್ತಿದ್ದಿಲ್ಲ. ನಿನ್ನ ಕೂಡ ಧಾರವಾಡಕ್ಕ ಬಂದು ಬಿಡ್ಲೇನ ಅಂತ ಕೇಳಿದ್ದೆ. ನಿಮ್ಮ ಪ್ರೆಸ್ಸಿನ್ಯಾಗ ಹಾಳಿ ಮಡಚೂ ಕೆಲಸ ಇದ್ರ ಕೊಡಸು ಅಂದಿದ್ದೆ."

"ನಾ ಏನಂದೆ?"

"ನನ್ನ ಗಲ್ಲಾ ಹಿಡದು ನಕ್ಕಿ. ಹೂಂ, ಹೂಂ, ಭಾಳ ಛಲೋ ಆತು ಅಂದಿ."

ಆ ಹಿತ್ತಲು ನನಗೆ ನೆನಪಿತ್ತು. ಅವಳ ಕಣ್ಣಲ್ಲಿ ನೀರು ಕಂಡು, ಬಸಿರಾದ ಸುದ್ದಿ ಹೇಳುತ್ತಿದ್ದಾಳೆಂದು ತಿಳಿದಿದ್ದೆ. ಸಂತೋಷಪಟ್ಟಿದ್ದೆ.

"ನಿನಗ ತಿಳದಿಲ್ಲ ಅಂತ ಗೊತ್ತಿತ್ತು" ಎಂದಳು ನೀಲವ್ವ. "ಆದ್ರೂ ನೀ ಹೂಂ ಅಂದಿದ್ದಿ. ಅವತ್ತೊಂದಿನ ಖುಷಿಲೆ ಇದ್ದೆ. ಮರುದಿನ ಬಸ್ ಹತ್ತಿ ಇಲ್ಲಿಗೆ ಬಂದೆ."

ನಾನು ಓದಿದೆ. ಮತ್ತೆ ಓದಿದೆ. ಆ ವರ್ಷ ಧಾರವಾಡದಲ್ಲಿ ನನಗೆ ಒಂದು ಬಾಡಿಗೆ ಕೋಣೆ ಇತ್ತು. ಒಬ್ಬಳಿಗೇ ಅಡುಗೆ ಮಾಡಿಕೊಂಡು, ಒಬ್ಬಳೇ ಗೋಡೆ ನೋಡುತ್ತ ಉಣ್ಣುತ್ತಿದ್ದೆ. ಎರಡನೆಯ ಹಾಸಿಗೆಗೆ ಅಲ್ಲಿ ಜಾಗವಿತ್ತು. ಮುದ್ರಣಾಲಯದಲ್ಲಿ ಹಾಳೆ ಮಡಚುವವರು ಯಾವಾಗಲೂ ಬೇಕಾಗಿದ್ದರು.

"ಖರೇನ ಕೇಳಿಸಿದ್ರ ಏನಂತಿದ್ದಿ?" ಎಂಬ ಸಾಲು ಮೂಡಿತು.

"ಬಾ ಅಂತಿದ್ದೆ."

ನೀಲವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಪರದೆಯ ಮೇಲೆ ಬಹಳ ಹೊತ್ತು ಏನೂ ಬರಲಿಲ್ಲ. ಮಾತಿಲ್ಲದ ಹೊತ್ತು ನನಗೆ ಹೊಸದಲ್ಲ, ಜೀವನವೆಲ್ಲ ಅದರಲ್ಲೇ ಕಳೆದಿದೆ. ಆದರೆ ಈ ಸಲ ಸುಮ್ಮನಿದ್ದವರು ಇಬ್ಬರು, ಯಾಕೆ ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಅವಳ ಕೈ ಮತ್ತೆ ನನ್ನ ಕೈಗೆ ಬಂತು.

ಆಮೇಲೆ ಅವಳೇ ಹೇಳಿದಳು: ಅತ್ತೆ ಹೋದ ಮೇಲೆ ಗಂಡ ಬೇರೆಯೇ ಮನುಷ್ಯನಾದ, ಕೊನೆಯ ವರ್ಷಗಳಲ್ಲಿ ಅವಳಿಗೆ ಉಣಿಸಿಯೇ ಉಣ್ಣುತ್ತಿದ್ದ, ಈಗ ಮಗ ಸೊಸೆ ಒಳ್ಳೆಯವರು. "ಈಗ ಏನೂ ಕಡಿಮಿ ಇಲ್ಲ ಬೇ. ಸುಮ್ನ ಹೇಳಿದೆ."

"ಹಂಗಾರ ಈಗ ಬಾ" ಎಂದೆ.

ಅವಳು ನಕ್ಕಳು. "ಈಗ ಬಂದ್ರ ಎಮ್ಮಿ ಯಾರ ಹಿಂಡ್ತಾರ?" ಮತ್ತೆ ಸ್ವಲ್ಪ ಯೋಚಿಸಿ, "ಹತ್ತಿ ಬಿಡಿಸೂದು ಮುಗೀಲಿ. ಬಂದು ಎಂಟ ದಿನ ಇರ್ತೀನಿ. ಆದ್ರ ನಾ ಕಣ್ಣು ಮಾಡಿದಾಗ ಇದನ್ನ ಬಂದ್ ಮಾಡಬೇಕು" ಎಂದಳು.

ಒಪ್ಪಿದೆ. ಒಪ್ಪಿದ ಸ್ವಲ್ಪ ಹೊತ್ತಿಗೇ ಅವಳು ಕಣ್ಸನ್ನೆ ಮಾಡಿದಳು. ಮೊಬೈಲು ಬಂದ್ ಮಾಡಿ ಚೀಲದಲ್ಲಿಟ್ಟೆ. ಬಿಸಿಲು ಅಂಗಳ ದಾಟಿ ಗೋಡೆ ಏರುವವರೆಗೂ ನೀಲವ್ವ ನನ್ನ ಕೈ ಹಿಡಿದು ಹೇಳುತ್ತಲೇ ಇದ್ದಳು. ತುಟಿಯ ಓಟ ಎಂದಿನಂತೆ ನನಗೆ ಹಿಡಿಯಲಿಲ್ಲ. ಏನು ಹೇಳುತ್ತಿದ್ದಾಳೆಂದು ತಿಳಿಯುವ ಆಸೆ ಬೆಳಿಗ್ಗೆಗಿಂತ ಹೆಚ್ಚಾಗಿತ್ತು. ಆದರೂ ತಿಳಿದವಳಂತೆ ಒಂದು ಸಲವೂ ಹೂಂ ಎನ್ನಲಿಲ್ಲ.

ಸಂಜೆಯ ಬಸ್ಸಿಗೆ ಅವಳು ಕುಂಟುತ್ತ ರಸ್ತೆಯವರೆಗೆ ಬಂದಳು. ಚೀಲದಲ್ಲಿ ರೊಟ್ಟಿಗೆ ನೆಂಚಿಕೊಳ್ಳುವ ಶೇಂಗಾ ಹಿಂಡಿ, ಬಟ್ಟೆಯಲ್ಲಿ ಸುತ್ತಿದ ಖಡಕ್ ರೊಟ್ಟಿ ಸೇರಿದ್ದವು. ಕಿಟಕಿಯ ಬಳಿ ಸೀಟು ಸಿಕ್ಕಿತು. ಮೊಬೈಲನ್ನು ಮತ್ತೆ ಚಾಲೂ ಮಾಡಿ ಕೊರಳಿಗೆ ಹಾಕಿಕೊಂಡೆ. ಬಸ್ಸು ಕದಲಿದಾಗ ಅವಳು ಕೆಳಗಿನಿಂದ ಏನೋ ಹೇಳಿದಳು. ಮೊಬೈಲು ನೋಡಿದೆ. 'ಬಸ್ಸಿನ ಸದ್ದು. ಇಲ್ಲಿ ಕೇಳಿಸಲಿಲ್ಲ.'

ನಾಲ್ಕು ಜನರ ನಡುವೆ ಜೋರಾಗಿ ಮಾತಾಡಲು ನನಗೆ ಯಾವತ್ತೂ ನಾಚಿಕೆ. ಅವತ್ತು ಕಿಟಕಿಯಿಂದ ತಲೆ ಹೊರಗೆ ಹಾಕಿ, ನನ್ನ ದನಿ ಹೇಗಿದೆಯೋ ಹಾಗೆ, "ಏನಂದಿ?" ಎಂದು ಕೂಗಿದೆ. ಬಸ್ಸಿನವರೆಲ್ಲ ತಿರುಗಿದರು. ಡ್ರೈವರು ಬಸ್ಸು ನಿಲ್ಲಿಸಿದ. ನೀಲವ್ವ ಕಾಲೆಳೆಯುತ್ತ ಕಿಟಕಿಯ ಕೆಳಗೆ ಬಂದು, ಮೊಬೈಲಿನ ಕಡೆಗೆ ಮುಖವೆತ್ತಿ ಮತ್ತೆ ಹೇಳಿದಳು.

"ಏನಿಲ್ಲ ಬೇ. ಕಿಟಕಿ ಹಾಕ್ಕೋ, ಥಂಡಿ ಗಾಳಿ ಐತಿ ಅಂದೆ."

ಬಸ್ಸು ಹೊರಟಿತು. ನಾನು ಕಿಟಕಿ ಹಾಕಿಕೊಂಡೆ. ಧೂಳು ಹಿಡಿದ ಗಾಜಿನಾಚೆ ನೀಲವ್ವ ಇನ್ನೂ ಏನೋ ಹೇಳುತ್ತಲೇ ಇದ್ದಳು.